ನೀಲವ್ವನ ಕೊರಳ ಕಲ್ಲು

ಬಸ್ಸು ಇನ್ನೂ ಬಿದ್ದಿಲ್ಲ, ನಿನ್ನೆ ಮಧ್ಯಾಹ್ನದಿಂದ ಸೇತುವೆಯ ತುದಿಯಲ್ಲಿ ಮೂತಿ ಕೆಳಗೆ ಮಾಡಿಕೊಂಡು ನೇತಾಡುತ್ತಲೇ ಇದೆ, ಒಳಗಿರುವವರೆಲ್ಲ ತೆರೆದ ಬಾಯಿ ತೆರೆದುಕೊಂಡೇ ಇದ್ದಾರೆ, ಪಾಪ, ಒಂದು ದಿನವಿಡೀ ಉಪವಾಸ, ಇಲ್ಲಿ ನೋಡಿದರೆ ರಾತ್ರಿ ಮುದ್ದೆ ಉಂಡು, ಬೆಳಿಗ್ಗೆ ಪೂಜೆ ಮುಗಿಸಿ, ಅಕ್ಕಿರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಹಚ್ಚಿಕೊಂಡು ತಿಂದು, ಕೆಲಸದ ಲಿಂಗಮ್ಮನ ಹತ್ತಿರ ಎರಡು ಸಲ ಜಗಳವಾಡಿ ಎರಡು ಸಲ ರಾಜಿಯಾಗಿ ಮತ್ತೆ ಬಂದು ಕೂತಾಯಿತು — ಶಕುಂತಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಸೊಸೆಯ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು, ಹಾಕವ್ವಾ ಬೇಗ, ಆ ಬಸ್ಸಿನೋರ ಗತಿ ನೋಡಣ. ಒಂದು ನಿಮಿಷ ಅತ್ತೆ, ನೆಟ್‌ವರ್ಕ್ ಸುತ್ತುತ್ತಾ ಉಂಟು, ಅಂದಳು ವಿನುತಾ, ಎಡಮಗ್ಗುಲಿಗೆ ಮಲಗಿ, ಹೊಟ್ಟೆಗೊಂದು ದಿಂಬು ಆನಿಸಿಕೊಂಡು. ಏಳು ತುಂಬಿ ಎಂಟಕ್ಕೆ ಬಿದ್ದಿದೆ, ಹಾಸಿಗೆ ಬಿಟ್ಟು ಏಳಕೂಡದು ಅಂತ ಡಾಕ್ಟರಮ್ಮನ ಕಟ್ಟಪ್ಪಣೆ, ಅದಕ್ಕೇ ಮಂಜೇಶ ನಡುಮನೆಯ ಟಿ.ವಿ.ಯನ್ನು ಕಿತ್ತು ತಂದು ಹೆಂಡತಿಯ ಕೋಣೆಯ ಗೋಡೆಗೆ ಹೊಡೆದ, ಹೊಡೆದವನು ಅಪ್ಪನನ್ನೂ ಅಮ್ಮನನ್ನೂ ಒಂದು ಮಾತು ಕೇಳಲಿಲ್ಲ, ಒಳ್ಳೆಯದೇ ಆಯಿತು. ಕಿಟಕಿಯಿಂದ ಗಮ್ಮೆನ್ನುತ್ತಿದೆ, ತೋಟಕ್ಕೆ ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆದು ಇವತ್ತಿಗೆ ಒಂಬತ್ತು ದಿನ, ಕಾಫಿ ಹೂ ಅರಳಿ ಕೊಡ್ಲಿಪೇಟೆಗೆ ಕೊಡ್ಲಿಪೇಟೆಯೇ ಮಲ್ಲಿಗೆ ಮುಡಿದ ಹಾಗೆ, ಹೂವಾಯಿತು, ಇನ್ನು ಕಾಯಿ ಕಚ್ಚಬೇಕು, ಸೋಮವಾರ ಬರುತ್ತಾರೆ ಅಯ್ಯನೋರು — ಅಯ್ಯೋ, ಅದು ಈಗ ಬೇಡ, ಈಗ ಬಸ್ಸು.

ನೀಲವ್ವ ಬಂದಳು ನೋಡು! ಅವಳ ನಿಜವಾದ ಹೆಸರು ಬೇರೆ ಏನೋ ಇದೆ, ಬಾಯಿಗೆ ಬೆಣಚುಕಲ್ಲು ಹಾಕಿಕೊಂಡು ಹೇಳಬೇಕು, ನೀಲಿ ನಿಲುವಂಗಿ ಹಾಕಿದ್ದಾಳೆ, ಅದಕ್ಕೆ ನೀಲವ್ವ. ಒಂದೇ ಕೈಯಲ್ಲಿ ಬಸ್ಸನ್ನು ಹಿಡಿದು, ಒಣಹುಲ್ಲಿನ ಪಿಂಡಿ ಎತ್ತಿದಂತೆ ಎತ್ತಿ ರಸ್ತೆಗಿಟ್ಟಳು, ಭಲೇ ಮಗಳೇ, ಶಕುಂತಲಮ್ಮ ಚಪ್ಪಾಳೆ ತಟ್ಟಿಯೇಬಿಟ್ಟರು, ವಿನುತಾ ನಕ್ಕಳು, ನಗಬೇಡ್ವೇ ಜೋರಾಗಿ, ಹೊಟ್ಟೆ ಅಲ್ಲಾಡತ್ತೆ. ಇಪ್ಪತ್ತು ದಿನದ ಹಿಂದೆ ರಾಗಿ ಗಂಜಿ ಕೊಡಲು ಒಳಗೆ ಬಂದಾಗ ಇದರ ತಲೆಬುಡ ಗೊತ್ತಿರಲಿಲ್ಲ, ಆಗಲೇ ನಾಲ್ಕನೇ ಕಂತು ಓಡುತ್ತಿತ್ತು, ಬಿಳಿಯರೆಲ್ಲ ಕನ್ನಡ ಮಾತಾಡುತ್ತಿದ್ದರು, ತುಟಿ ಒಂದು ಕಡೆ, ಮಾತು ಒಂದು ಕಡೆ, ಯಾರು ಈ ಹುಡುಗಿ, ಯಾವೂರೋಳು, ಯಾರ ಮಗಳು? ಅದೇ ಅತ್ತೆ ಕಥೆ, ಅವಳಿಗೇ ಗೊತ್ತಿಲ್ಲ, ಪುಸ್ತಕದಲ್ಲಿ ಉಂಟು, ನಾನು ಸುಳ್ಯದಲ್ಲಿ ಓದುವಾಗ ಗೆಳತಿಯ ಅಣ್ಣನ ಹತ್ತಿರ ತಂದು ನಲವತ್ತೆರಡು ಪುಸ್ತಕ ಓದಿದ್ದೇನೆ, ಎಲ್ಲ ಚಿತ್ರದ ಪುಸ್ತಕ, ಆದರೆ ಮುಂದಿಂದು ಹೇಳಬಾರದು, ಹೇಳಿದರೆ ಮಜಾ ಹೋಗ್ತದೆ. ಇದೊಳ್ಳೆ ಕಥೆಯಾಯಿತು, ಯಾರ ಮಗಳು ಅಂತ ಗೊತ್ತಿಲ್ಲದೆ ಒಬ್ಬಳನ್ನು ನೋಡುತ್ತಾ ಕೂರುವುದು ಹೇಗೆ, ಸಂತೆಯಲ್ಲಿ ಸೌತೆಕಾಯಿ ಕೊಳ್ಳುವಾಗಲೂ ನೀನು ಯಾರ ಪೈಕಿ ಅಂತ ಕೇಳುವ ಹೆಂಗಸು ತಾನು. ಗಂಜಿ ಕೊಟ್ಟು ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಆ ಹುಡುಗಿ ಕೊರಳಿನಿಂದ ಒಂದು ಸಣ್ಣ ಕಪ್ಪು ಕಲ್ಲು ತೆಗೆದಳು, ಎಡಗೈಯ ಮೇಲೆ ಇಟ್ಟುಕೊಂಡಳು, ರೆಪ್ಪೆ ಬಡಿಯದೆ ನೋಡುತ್ತಾ ಕೂತಳು, ಅರೆ, ಇವಳು ನಮ್ಮೋಳು! ದಾರದಲ್ಲಿ ಕಟ್ಟಿದ ಲಿಂಗ, ಎಡಗೈ, ದೃಷ್ಟಿ, ಎಲ್ಲ ಸರಿಯಾಗಿದೆ, ಅಲ್ಲಿಗೂ ಹೋಗಿದ್ದಾರಾ ನಮ್ಮವರು, ಹೋಗಿರುತ್ತಾರೆ, ಶರಣರಿಗೆ ಯಾವ ದೇಶ ದೂರ, ಅಂತ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತವರು ಇವತ್ತಿನವರೆಗೂ ಎದ್ದಿಲ್ಲ. ಐದನೇ ಕಂತಿನಲ್ಲಿ ಆ ನೀಲವ್ವ ಒಂದು ಕೋಳಿ ಕಾಲು ಹಿಡಿದು ಕರಕರ ಅಂತ ಕಡಿದಳು, ಥೂ ಥೂ ಥೂ, ಕೊರಳಲ್ಲಿ ಲಿಂಗ ಕಟ್ಕೊಂಡು ಕೋಳಿ ಕಡಿಯೋದೇನೇ ಮುಂಡೇದೇ, ಅಂತ ಬಾಯಿಗೆ ಬಂದೇಬಿಟ್ಟಿತು, ಆಮೇಲೆ ತಿರುಗಿ ನೋಡಿದರೆ ಸೊಸೆ, ಸಂಪಾಜೆಯ ಗೌಡರ ಮನೆ ಹುಡುಗಿ, ಮೀನು ಕೋಳಿ ಉಂಡು ಬೆಳೆದವಳು, ಈ ಮನೆಗಾಗಿ ಎರಡು ವರ್ಷದಿಂದ ನಾಲಿಗೆ ಕಟ್ಟಿಕೊಂಡು ಸೊಪ್ಪಿನ ಸಾರು ಉಣ್ಣುತ್ತಿರುವವಳು, ಅವಳ ಮುಂದೆ! ಭೂಮಿ ಬಾಯಿ ಬಿಡಬಾರದೇ ಅನಿಸಿತು, ಆದರೆ ಆ ಹುಡುಗಿ ಗಂಭೀರವಾಗಿ, ಅವಳು ಅಮ್ಮನ ಮನೆಗೆ ಹೋಗಿರಬೇಕು ಅತ್ತೆ, ಅಂದಳು, ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದು ಅವತ್ತೇ ಮೊದಲು.

ಮೊದಲು ಅಂದರೆ ಮೊದಲೇ, ಎರಡು ವರ್ಷ ಒಂದೇ ಸೂರಿನಡಿ ಇದ್ದು ಊಟ ಆಯ್ತಾ, ಆಯ್ತು ಅತ್ತೆ, ಇಷ್ಟೇ, ಹುಡುಗ ಹುಡುಗಿ ಮೆಚ್ಚಿ ಆದ ಮದುವೆ, ಮಾತೆಲ್ಲ ಅವರಿಬ್ಬರಲ್ಲೇ ಮುಗಿದುಹೋಗಿತ್ತು, ನಮಗೆ ಉಳಿದದ್ದು ಹೆಣ್ಣು ಕೇಳಲು ಹೋದ ದಿನದ ಸಂಪಾಜೆಯ ಆ ಜಗಲಿ, ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ನೀರು, ಬೀಗರು ಜಯಪ್ಪನವರು ಕೈಕಟ್ಟಿ ನಿಂತು, ಬೇಜಾರು ಮಾಡ್ಕೊಬೇಡಿ, ನಮ್ಮ ಹುಡುಗಿಗೆ ತಾಳಿ ಒಂದು ಬಿಟ್ಟು ಬೇರೆ ಎಂಥದ್ದೂ ಕಟ್ಲಿಕ್ಕೆ ಹೇಳಬಾರ್ದು, ಅಷ್ಟೇ ನಾವು ಕೇಳುವುದು. ಯಜಮಾನರು ಸಿದ್ದಣ್ಣ ನನ್ನ ಮುಖ ನೋಡಿದರು, ನಾನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಇಲ್ಲ ಹೇಳಲ್ಲ, ಅಂದೆ. ಬೆಲ್ಲ ತಿಂದು ಕೊಟ್ಟ ಮಾತು. ಆಗ ಏನು ಗೊತ್ತಿತ್ತು, ಅವಳು ಕಟ್ಟದಿದ್ದರೆ ಬಿಡಲಿ, ಅವಳಿಷ್ಟ, ಆದರೆ ಮಗು? ಎಂಟನೇ ತಿಂಗಳಲ್ಲಿ ಮಠದ ಅಯ್ಯನೋರು ಬಂದು ಹೊಟ್ಟೆಯೊಳಗಿನ ಮಗುವಿನ ಹೆಸರಿನಲ್ಲಿ ಲಿಂಗ ಕೊಡುತ್ತಾರೆ, ಹೆರುವ ತನಕ ತಾಯಿ ತನ್ನ ಕೊರಳಲ್ಲಿ ಅದನ್ನು ಕಾಯಬೇಕು, ಹುಟ್ಟಿದ ಮೇಲೆ ಮಗುವಿಗೆ, ಮಂಜೇಶನಿಗೆ ಹಾಗೇ ಆಯಿತು, ನೆಲ್ಲಿಕಾಯಿಯಷ್ಟೇ ಇರುವ ಪುಟ್ಟ ಬೆಳ್ಳಿ ಕರಡಿಗೆ, ಅದರೊಳಗೆ ಲಿಂಗ, ದಾರ ಉದ್ದ ಬಿಟ್ಟು ಕಟ್ಟಿಕೊಂಡಿದ್ದೆ, ಹೊಟ್ಟೆಯ ಮೇಲೆ ಬಂದು ಕೂರುತ್ತಿತ್ತು, ಒಳಗಿನಿಂದ ಇವನು ಒದ್ದರೆ ಕರಡಿಗೆ ಅಲ್ಲಾಡುತ್ತಿತ್ತು, ಅತ್ತೆಯನ್ನು ಕರೆದು ತೋರಿಸುತ್ತಿದ್ದೆ, ನೋಡಿ ಅತ್ತೆ ನೋಡಿ. ಮಂಜೇಶ ದೊಡ್ಡವನಾಗಿ ಅವನಿಗೆ ದೊಡ್ಡ ಕರಡಿಗೆ ಬಂತು, ಪುಟ್ಟದು ಖಾಲಿಯಾಗಿ ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಬೀರುವಿನಲ್ಲಿ ಇಪ್ಪತ್ತು ವರ್ಷದಿಂದ ಕೂತಿದೆ, ಹೋದ ತಿಂಗಳು ತೆಗೆದು ಹುಣಸೆಹಣ್ಣು ಹಚ್ಚಿ ಉಜ್ಜಿದೆ, ಫಳಫಳ ಅಂತು, ಮತ್ತೆ ಒಳಗಿಟ್ಟೆ. ಕೇಳಿದರೆ ಮಾತು ಮುರಿದ ಹಾಗೆ, ಕೇಳದಿದ್ದರೆ ಆ ಕರಡಿಗೆ ಖಾಲಿ. ನಿನ್ನೆ ಯಜಮಾನರು ಕಾಫಿ ಕುಡಿಯುತ್ತಾ, ಅಯ್ಯನೋರು ಸೋಮವಾರ ಈ ಕಡೆ ಬರ್ತಾರಂತೆ, ಹೌದೋ ಇಲ್ಲವೋ ಹೇಳಿಕಳಿಸು, ಆದ್ರೆ ಕೊಟ್ಟ ಮಾತು ಮಾತೇ ಕಣೆ, ಅಂದರು, ನೀವೇ ಕೇಳ್ರೀ ಮತ್ತೆ, ಅಂದರೆ, ನಾನಾ, ಮಾವ ಆಗಿ ಸೊಸೇನ ಕೇಳೋದಾ, ಚೆನ್ನಾಗಿರ್ತದೆ, ಅಂತ ಟವೆಲು ಕೊಡವಿಕೊಂಡು ತೋಟಕ್ಕೆ ಹೋದರು, ಈ ಗಂಡಸರೇ ಹೀಗೆ, ಹಾವನ್ನು ತೋರಿಸಿ ಕೋಲು ನಮ್ಮ ಕೈಗೆ ಕೊಡುವುದು. ಇವತ್ತು ಗುರುವಾರ. ದಿನಾ ಕೇಳುವುದಿಲ್ಲ ಅಂತ ಗಟ್ಟಿ ಮಾಡಿಕೊಂಡು ಬಂದು ಕೂರುವುದು, ದಿನಾ ನಾಲಿಗೆಯ ತುದಿಗೆ ಬರುವುದು, ಅಷ್ಟರಲ್ಲಿ ನೀಲವ್ವ ಬಂದು ಏನನ್ನೋ ಎತ್ತಿ ಏನನ್ನೋ ಒಡೆದು ಹಾಕುವುದು, ಮಾತು ಅಲ್ಲಿಗೇ ಉಳಿಯುವುದು, ಬದುಕಿಸಿದೆ ತಾಯಿ ಅಂತ ಅವಳಿಗೆ ಮನಸ್ಸಿನಲ್ಲೇ ಕೈ ಮುಗಿಯುವುದು.

ಏ ಏ ಏ, ಏನು ಮಾಡ್ತಿದಾಳಿವಳು, ಬಸ್ಸೆತ್ತಿ ಸುಸ್ತಾಗಿ ಮನೆಗೆ ಬಂದು ಬಚ್ಚಲಿಗೆ ಹೋದಳು, ಹೋಗಲಿ, ಸ್ನಾನ ಮಾಡಲಿ, ಆದರೆ ಕೊರಳಿಗೆ ಕೈ ಹಾಕಿದಳಲ್ಲ, ಬಿಚ್ಚಬೇಡ, ಬಿಚ್ಚಬೇಡ್ವೇ ನೀಲವ್ವ, ಅದನ್ನ ಮೈಯಿಂದ ಬಿಚ್ಚಬಾರ್ದು, ಶಕುಂತಲಮ್ಮ ಅರ್ಧ ಎದ್ದು ನಿಂತಿದ್ದಾರೆ, ತಮ್ಮ ಕರಡಿಗೆಯನ್ನು ರವಿಕೆಯ ಮೇಲಿಂದಲೇ ಮುಷ್ಟಿಯಲ್ಲಿ ಹಿಡಿದಿದ್ದಾರೆ, ಬಿಚ್ಚಿದಳು, ಸೋಪಿನ ಪಕ್ಕ ಇಟ್ಟಳು, ಸೋಪಿನ ಪಕ್ಕ! ಕಿಟಕಿಯ ಸಂದಿಯಿಂದ ಬೂದಿ ತೂರಿಬಂತು, ಆ ಬೂದಿಮುಖದವನು, ಮೂರು ಕಂತಿನಿಂದ ಹೊಂಚು ಹಾಕುತ್ತಿದ್ದ ದರಿದ್ರದವನು, ಕಲ್ಲನ್ನು ಕದ್ದುಕೊಂಡು ಹಾರಿಹೋದ, ಒಂದು ದೊಡ್ಡ ಗೋಪುರದ ನೆತ್ತಿಗೇರಿ ತನ್ನ ಕೊರಳಿಗೆ ಕಟ್ಟಿಕೊಂಡ, ಕೈ ಮೇಲೆತ್ತಿ ಗಹಗಹಿಸಿ ನಕ್ಕ — ಏನೂ ಆಗಲಿಲ್ಲ. ಕಲ್ಲನ್ನು ಉಜ್ಜಿದ, ಅಲ್ಲಾಡಿಸಿದ, ಕಿವಿಗೆ ಹಿಡಿದ, ಕಲ್ಲು ಕಲ್ಲಿನ ಹಾಗೇ ಇದೆ. ವಿನುತಾ ಟಿ.ವಿ. ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದಾಳೆ, ಕಣ್ಣಲ್ಲಿ ತುಂಟತನ, ಯಾಕೆ ಅಂತ ಹೇಳಿ ನೋಡುವ ಅತ್ತೆ? ಯಾಕೆ ಅಂದ್ರೆ, ಅವನದ್ದಲ್ಲವಲ್ಲ ಅದು, ಇವಳು ಹೊಟ್ಟೇಲಿದ್ದಾಗಲೇ ಇವಳವ್ವ ಇವಳಿಗೋಸ್ಕರ ಕಟ್ಕೊಂಡು ಕಾದಿರ್ತಾಳೆ, ಅದು ಇನ್ನೊಬ್ಬರಿಗೆ ಹೆಂಗೆ ಒಲಿಯತ್ತೆ ಮಗಾ, ಅಂದರು ಶಕುಂತಲಮ್ಮ, ಅಂದ ಮೇಲೆ ತಾವು ಅಂದದ್ದು ತಮ್ಮ ಕಿವಿಗೇ ಬಿತ್ತು.

ವಿನುತಾ ರಿಮೋಟು ಒತ್ತಿದಳು, ಬೂದಿಮುಖದವನು ಬಾಯಿ ತೆರೆದುಕೊಂಡು ನಿಂತ. ಹೊರಗೆ ಹೂವಿಗೆ ಮುತ್ತಿದ ಜೇನಿನ ಗುಂಯ್ಯ್ ಮಾತ್ರ. ಮುಗಿಯಿತು, ಹೇಳಿಬಿಟ್ಟೆ, ಬೆಲ್ಲ ತಿಂದ ಬಾಯಲ್ಲಿ ಹೇಳಿಬಿಟ್ಟೆ, ಇನ್ನು ಇವಳು ಫೋನೆತ್ತಿ ಸಂಪಾಜೆಗೆ, ಅಪ್ಪಾ, ಇವರು ಸುತ್ತಿ ಬಳಸಿ ಅದನ್ನೇ ಹೇಳ್ತಿದಾರೆ ಅಂದರೆ — ಅತ್ತೆ, ನಿಮಗೆ ಅದು ಯಾರು ಹೇಳಿದ್ದು? ಏನು ಮಗಾ? ಅವಳು ಹೊಟ್ಟೆಯಲ್ಲಿರುವಾಗ ಅವಳ ಅಮ್ಮ ಕಟ್ಟಿಕೊಂಡದ್ದು ಅಂತ! ಅದು ಎಂಟನೇ ಪುಸ್ತಕದಲ್ಲಿ ಬರುವುದು, ಟಿ.ವಿ.ಯಲ್ಲಿ ಬರಲಿಕ್ಕೆ ಇನ್ನೂ ಉಂಟು, ನಿಮ್ಮ ಮಗನಿಗೂ ನಾನು ಹೇಳಲಿಲ್ಲ, ನೀವು ಒಂದು ಪುಸ್ತಕ ಮುಟ್ಟದೆ, ಅದೂ ನಾಲ್ಕನೇ ಕಂತಿಂದ ನೋಡಿ — ಯಾರು ಹೇಳಿದ್ದು? ಕೋಪವಲ್ಲ, ಹುಡುಗಿಗೆ ಕೋಪವಲ್ಲ, ಮುಖ ಅರಳಿಬಿಟ್ಟಿದೆ, ಶಕುಂತಲಮ್ಮನಿಗೆ ಹೋದ ಉಸಿರು ಬಂತು, ಯಾರೂ ಹೇಳಲಿಲ್ಲ ಕಣೆ, ನಮ್ಮಲ್ಲಿ... ಅಂದು ನಾಲಿಗೆ ಕಚ್ಚಿಕೊಂಡರು. ನಿಮ್ಮಲ್ಲಿ ಎಂಥ? ಏನಿಲ್ಲ ಬಿಡು, ನಿಮ್ಮಪ್ಪನೋರಿಗೆ ಮಾತು ಕೊಟ್ಟಿದೀನಿ. ಅಪ್ಪ ಹೇಳಿದ್ದು ಕಟ್ಲಿಕ್ಕೆ ಹೇಳಬಾರದು ಅಂತ, ಕಥೆ ಹೇಳಬಾರದು ಅಂತ ಹೇಳಿದ್ರಾ? ವಿನುತಾ ಮೊಣಕೈ ಊರಿ ಮೇಲೇಳಲು ನೋಡಿದಳು, ಏಳಬೇಡ ಅಂತ ಭುಜ ಹಿಡಿದರು, ಹಿಡಿದ ಕೈಯನ್ನು ಅವಳು ಬಿಡಲೇ ಇಲ್ಲ, ಎರಡು ವರ್ಷದಿಂದ ನೋಡ್ತಾ ಇದ್ದೇನೆ, ದಿನಾ ಬೆಳಿಗ್ಗೆ ಎಡಗೈಯಲ್ಲಿ ಇಟ್ಟುಕೊಂಡು ಕೂರ್ತೀರಿ, ಯಾರೂ ನನಗೆ ಎಂಥ ಅಂತ ಹೇಳುವುದಿಲ್ಲ, ಕೇಳಿದರೆ ನಿಮಗೆ ಬೇಜಾರಾಗ್ತದಾ ಅಂತ ನಾನೂ ಕೇಳಲಿಲ್ಲ, ನಾನು ಈ ಮನೆಗೆ ನಾಲ್ಕನೇ ಕಂತಿಗೆ ಬಂದವಳಲ್ವಾ ಅತ್ತೆ, ಮೊದಲನೇ ಪುಸ್ತಕದಿಂದ ಹೇಳಿ.

ಅಯ್ಯೋ ಶಿವನೇ, ಇಷ್ಟೇನಾ, ಇಷ್ಟಕ್ಕೇನಾ ಇಬ್ಬರೂ ಬಾಗಿಲಿನ ಆಚೆಗೊಬ್ಬರು ಈಚೆಗೊಬ್ಬರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದು. ಹೇಳಿದರು, ಮೊದಲಿಂದ ಹೇಳಿದರು, ಅಂಗೈಯಲ್ಲೇ ದೇವರು ಇರುವಾಗ ಗುಡಿಯ ಬಾಗಿಲು ಯಾಕೆ ಕಾಯಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದು, ಏಳನೇ ವಯಸ್ಸಿನಲ್ಲಿ ಕೆರೆಯಲ್ಲಿ ಈಜುವಾಗ ದಾರ ಕಳಚಿ ಲಿಂಗ ಬಿದ್ದು ಸಿಗುವ ತನಕ ಅನ್ನ ಮುಟ್ಟದೆ ದಡದಲ್ಲಿ ಕೂತಿದ್ದು, ಮಂಜೇಶನ ಎಂಟನೇ ತಿಂಗಳು, ಉದ್ದ ದಾರ, ಒದೆತ, ಎಲ್ಲ, ರಾಗಿ ಗಂಜಿ ಆರಿ ಕೆನೆಗಟ್ಟಿತು, ಲಿಂಗಮ್ಮ ಬಂದು ಇಣುಕಿ ಹೋದಳು. ಮತ್ತೆ ಅದೆಲ್ಲಿ ಅತ್ತೆ ಈಗ, ಆ ಸಣ್ಣದು? ಬೀರುವಿನ ಬೀಗದ ಕೈ ಸೊಂಟದಲ್ಲೇ ಇತ್ತು, ಆದರೂ ಮನೆಯೆಲ್ಲ ಹುಡುಕಿ ಬಂದರು ಶಕುಂತಲಮ್ಮ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಬೀರು ತೆಗೆದು ಗಂಟನ್ನು ತಂದರು. ಕೆಂಪು ವಸ್ತ್ರ ಬಿಚ್ಚಿದರು. ನೋಡು, ಖಾಲಿ ಐತೆ, ಇದಕ್ಕೆ ಅಯ್ಯನೋರು ಬಂದೇ ಕೊಡಬೇಕು, ನಾನು ಕಟ್ಟು ಅಂತ ಹೇಳ್ತಾ ಇಲ್ಲ ಮತ್ತೆ, ಬರೀ ತೋರಿಸ್ತಾ ಇದೀನಿ. ಯಾವಾಗ ಬರ್ತಾರೆ? ಯಾರು? ನಿಮ್ಮ ಅಯ್ಯನೋರು. ಸೋಮವಾರ, ಅಂದರು. ಸೋಮವಾರ ನನಗೆ ಎಂಥ ಕೆಲಸ ಉಂಟು, ಮಲಗಿಕೊಂಡೇ ಇರುವುದಲ್ವಾ, ಬರಲಿ, ಅಪ್ಪನಿಗೆ ನಾನೇ ಫೋನ್ ಮಾಡಿ ಹೇಳ್ತೇನೆ, ಯಾರೂ ಹೇಳಲಿಲ್ಲ, ನಾನೇ ಕೇಳಿದ್ದು ಅಂತ, ಆದರೆ ಅತ್ತೆ, ಒಂದು ಮಾತು, ಹೆತ್ತ ಮೇಲೆ ಲಿಂಗ ಮಗುವಿನದ್ದು, ಸಂಪಾಜೆಗೆ ಹೋದಾಗ ಮೀನು ನಂದು. ಆಯ್ತು ಕಣವ್ವಾ, ಮಗೂಗೆ ಮೀನು ಕಡಿಯಕ್ಕೆ ಹಲ್ಲಾದ್ರೂ ಎಲ್ಲಿರತ್ತೆ, ಅಂತ ಶಕುಂತಲಮ್ಮ ನಕ್ಕು, ನಗುತ್ತಲೇ ಕಣ್ಣೊರೆಸಿಕೊಂಡು, ನೀಲವ್ವನಿಗೂ ಅಷ್ಟೇ, ತಿನ್ಲಿ ಬಿಡು ಕೋಳಿ, ಬಸ್ಸೆತ್ತಬೇಕಲ್ಲ ಪಾಪ — ಅಯ್ಯೋ ಅವಳ ಕಲ್ಲು, ಅವಳಿನ್ನೂ ಬಚ್ಚಲಲ್ಲೇ ಇದ್ದಾಳೆ, ಅವನು ಗೋಪುರದ ಮೇಲೆ ಬಾಯಿ ತೆರೆದು ನಿಂತೇ ಇದ್ದಾನೆ, ನಿಲ್ಲಲಿ, ಯಜಮಾನರಿಗೆ ಹೇಳಬೇಕು, ಅಯ್ಯನೋರಿಗೆ ಹೇಳಿಕಳಿಸಬೇಕು, ಹೊಸ ಶಿವದಾರ ತರಿಸಬೇಕು, ಉದ್ದದ್ದು, ವಿನುತಾ ಅಂಗಾತ ತಿರುಗಿ ಆ ಖಾಲಿ ಕರಡಿಗೆಯನ್ನು ಹೊಟ್ಟೆಯ ನಡುವೆ ಇಟ್ಟುಕೊಂಡಿದ್ದಾಳೆ, ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದಾಳೆ, ಕಿಟಕಿಯ ಬಿಸಿಲು ನೇರ ಅದರ ಮೇಲೆ, ಪಾಯಸಕ್ಕೆ ಶ್ಯಾವಿಗೆ ಇದೆಯೋ ಇಲ್ಲವೋ ನೋಡಬೇಕು, ಬೀಗರಿಗೆ ಬೆಲ್ಲ ಕಳಿಸಬೇಕು, ನೆಲ್ಲಿಕಾಯಿಯಷ್ಟೇ ಬೆಳ್ಳಿ, ಅತ್ತೆ ನೋಡಿ, ನೋಡಿ, ಅಂದಳು, ಕರಡಿಗೆ ಒಂದು ಸಲ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು.