ಮಾಳಿಗೆಯ ಕೆಂಪು ಸೀರೆ

ಬೆಳ್ಳಿಹಾಳದ ದೇಶಪಾಂಡೆಯವರ ಮಾಳಿಗೆಯ ಮೇಲೆ ಕೆಂಪು ಸೀರೆ ಹಾರಿದರೆ ಹೊಳೆಗೆ ನೀರು ಬರುತ್ತದೆ, ಹಾರದಿದ್ದರೆ ಬರುವುದಿಲ್ಲ. ಸಿಂದಗಿ ತಾಲ್ಲೂಕಿನ ಈ ಮೂಲೆಯಲ್ಲಿ ಭೀಮಾ ಹೊಳೆಯನ್ನು ನಂಬಿ ಬದುಕುವವರಿಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು. ಎಷ್ಟೋ ವರ್ಷ ಸಾಕಾಗಿಯೂ ಇತ್ತು.

ಸೀರೆಯ ಈ ಪದ್ಧತಿ ಹಾಕಿದವರು ಆ ಮನೆಯ ಸೊಸೆ ವರದಾಳ ಮಾವ ಪಂಢರಿನಾಥರಾಯರು. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಸುಮ್ಮನೆ ಕೂರುವ ಜೀವವಲ್ಲ ಅದು. ಲ್ಯಾಂಡ್‌ಲೈನ್ ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟೂ ಬರುತ್ತದೆಂದು ಯಾರೋ ಹೇಳಿದ್ದೇ ತಡ, ಹಟ ಹಿಡಿದು ಹಾಕಿಸಿಕೊಂಡರು. ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ಕುಡಿದು ಕಪ್ಪುಬಸಿ ತೊಳೆದಿಡಬಹುದಿತ್ತು, ಆ ಮಾತು ಬೇರೆ. ಅವರಿಗೆ ಬೇಕಾಗಿದ್ದು ಒಂದೇ ಪುಟ. ಮೇಲಿನ ಆಣೆಕಟ್ಟುಗಳಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಅದರಲ್ಲಿ ಬರುತ್ತಿತ್ತು. ಬಿಟ್ಟ ನೀರು ಬೆಳ್ಳಿಹಾಳ ಮುಟ್ಟಲು ಒಂದು ಹಗಲು, ಒಂದು ರಾತ್ರಿ ಬೇಕು. ಅಷ್ಟರೊಳಗೆ ರಾಯರು ಹೆಂಡತಿಯ ಹಳೆಯ ಕೆಂಪು ಸೀರೆಯನ್ನು ಬಿದಿರ ಗಳಕ್ಕೆ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ಸೊಸೆಯ ಪಾಲಿಗೆ ಬಂತು. ಯಾರೂ ಅವಳಿಗೆ ವಹಿಸಿಕೊಡಲಿಲ್ಲ, ಅವಳೂ ಬೇಡವೆನ್ನಲಿಲ್ಲ.

ಸೀರೆಯ ಹಂಗು ಹೆಚ್ಚಾಗಿ ಇದ್ದದ್ದು ನಡುಗಡ್ಡೆಗೆ ಹೋಗುವವರಿಗೆ. ಹೊಳೆ ಇಳಿದಾಗ ಮೊಣಕಾಲುದ್ದದ ನೀರು ದಾಟಿ ಹೋಗಿ ಅಲ್ಲಿ ಹೆಸರು, ಉದ್ದು ಬಿತ್ತುತ್ತಿದ್ದರು, ದನಕ್ಕೆ ಮೇವು ಕೊಯ್ದು ತರುತ್ತಿದ್ದರು. ಅದು ಯಾರ ಹೆಸರಿನ ಹೊಲವೂ ಅಲ್ಲ. ಸರ್ಕಾರದ ಕಣ್ಣಿಗೆ ಅಲ್ಲಿ ಬೇಸಾಯವೇ ಇಲ್ಲ, ಆದ್ದರಿಂದ ಅಲ್ಲಿಯವರಿಗೆಂದು ಡಂಗುರವೂ ಇಲ್ಲ. ದೊಡ್ಡ ಮಹಾಪೂರ ಬಂದರೆ ಊರಿಗೆ ಸುದ್ದಿ ಮುಟ್ಟುತ್ತಿತ್ತು. ನಡುಗಡ್ಡೆ ಮುಳುಗಲು ಅಷ್ಟು ನೀರೇನೂ ಬೇಕಾಗಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ದಿನ ಫೋನು ಕಿವಿಗಿಟ್ಟರೆ ಸದ್ದೇ ಇರಲಿಲ್ಲ. ಕಂಪ್ಯೂಟರಿನಲ್ಲೂ ಏನೂ ಬರಲಿಲ್ಲ. ವರದಾ ನಾಲ್ಕು ಕಡೆ ಹೇಳಿ ಕಳಿಸಿದ ಮೇಲೆ ಅನಿಲ ಎಂಬ ಹುಡುಗ ಮೋಟಾರ್‌ಸೈಕಲ್ ಹತ್ತಿ ಸಿಂದಗಿಯಿಂದ ಬಂದ. ಫೋನು ಕಂಪನಿಗೆ ಹೊಸ ಕನೆಕ್ಷನ್ ಹಿಡಿದುಕೊಡುವವನು ಅವನು. ಒಳಗೆ ಬಂದು ಕೂತು, ಗುಣವಾಗದ ರೋಗದ ಹೆಸರು ಹೇಳುವ ಡಾಕ್ಟರನ ಮುಖ ಮಾಡಿದ.

"ತಾಮ್ರದ ಲೈನ್ ಎಲ್ಲಾ ಬಂದ್ ಮಾಡ್ಯಾರ್ರಿ ಅಕ್ಕಾರ. ಇನ್ನ ಅದನ್ನ ರಿಪೇರಿ ಮಾಡೂದಿಲ್ಲ. ಫೈಬರ್ ಹಾಕಿಸ್ಕೊಳ್ರಿ, ಗಾಳಿ ಓಡಿದಂಗ ಓಡ್ತೈತಿ."

"ಹಾಕಪಾ. ಇವತ್ತೇ ಹಾಕು."

"ಇವತ್ತ ಹ್ಯಾಂಗ್ ಆಗ್ತೈತ್ರಿ? ಅದು ಇನ್ನೂ ನಿಮ್ಮೂರಿಗೆ ಬಂದಿಲ್ಲ. ಒಂದಿಷ್ಟು ಮನಿಯವ್ರು ಕೂಡಿ ಬೇಕಂದ್ರ ಕಂಬಾ ಹಾಕ್ತಾರ. ದಸರಾ ಆದ ಮ್ಯಾಲ ನೋಡೂಣು."

"ಅಲ್ಲಿ ತನಕ ಹಳೇದನ್ನರ ಇಡಬೇಕಿಲ್ಲೋ! ಹೊಸಾದು ಬರೂಕಿಂತ ಮೊದಲ ಹಳೇದನ್ನ ಕಿತ್ತವ್ರು ಯಾರು?"

ಅನಿಲ ಹೆಗಲು ಕುಣಿಸಿದ. ಪಾಪ, ಕಿತ್ತವನು ಅವನಲ್ಲ. ಕಿತ್ತವರು ಎಲ್ಲಿ ಕೂತಿದ್ದಾರೆಂದು ಅವನಿಗೂ ಗೊತ್ತಿರಲಿಲ್ಲ, ಬೆಳ್ಳಿಹಾಳ ಎಲ್ಲಿದೆಯೆಂದು ಅವರಿಗೂ ಗೊತ್ತಿರಲಿಲ್ಲ. ಈ ಎರಡು ಅಜ್ಞಾನಗಳ ನಡುವೆ ವರದಾ ಸಿಕ್ಕಿಬಿದ್ದಿದ್ದಳು.

ಫೈಬರಿಗಾಗಿ ಅವಳು ಮನೆಮನೆ ತಿರುಗಿದಳು. ಎಲ್ಲರೂ ಚಹಾ ಕೊಟ್ಟರು, ಹೆಸರು ಮಾತ್ರ ಯಾರೂ ಕೊಡಲಿಲ್ಲ. ಮೊಬೈಲ್ ಇರುವಾಗ ಅದೆಲ್ಲ ಯಾಕೆ ಎಂದರು. ಬೆಳ್ಳಿಹಾಳದ ಮೊಬೈಲ್ ಸೌಭಾಗ್ಯ ಹೇಗಿತ್ತೆಂದರೆ, ಮಾಳಿಗೆಯ ಮೂಲೆಗೆ ಹೋಗಿ ನಿಂತರೆ ಎರಡು ಮಾತಾಡಬಹುದು, ಪುಟ ತೆರೆಯ ಹೋದರೆ ಚಕ್ರ ತಿರುಗುವುದನ್ನು ನೋಡುತ್ತ ಕೂರಬೇಕು.

ಗುರವ್ವನಿಗೆ ಮಾತ್ರ ಅವಳು ಕೂರಿಸಿಕೊಂಡು ಹೇಳಿದಳು. ದಿನಾ ಹಾಲು ತಂದುಕೊಡುವ ಗುರವ್ವ, ಮಗ ಸಂಗಮೇಶನ ಜೊತೆ ನಡುಗಡ್ಡೆಯಲ್ಲಿ ಉದ್ದು ಬಿತ್ತಿದ್ದಳು.

"ಇನ್ನ ಮುಂದ ಸೀರಿ ಇಲ್ಲಂದ್ರ ನೀರಿಲ್ಲ ಅಂತ ತಿಳ್ಕೋಬ್ಯಾಡ ಗುರವ್ವಾ. ನನಗ ಗೊತ್ತಾಗಿಲ್ಲ ಅಂತನೂ ಇರಬಹುದು."

ಗುರವ್ವ ನಕ್ಕಳು. "ರಾಯರು ಇದ್ದಾಗಿಂದ ನೋಡಾಕತ್ತೇನ್ರಿ ಬಾಯಾರ. ಒಮ್ಮೆರ ತಪ್ಪೈತೇನ್ರಿ? ನೀವು ಹ್ಯಾಂಗರ ಮಾಡಿ ತಿಳ್ಕೋತೀರಿ. ನನಗ ಗೊತ್ತೈತಿ."

ಆ ನಂಬಿಕೆಯನ್ನು ಕಂಡು ವರದಾಳಿಗೆ, ಇದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೊನೆಗೆ ಗಂಡನಿಗೇ ಜೋತುಬಿದ್ದಳು. ಸಂಕರ್ಷಣ ಸಿಂದಗಿಯ ಹೈಸ್ಕೂಲಿನಲ್ಲಿ ಮಾಸ್ತರ, ವಾರವೆಲ್ಲ ಅಲ್ಲೇ ಇರುವವನು. ದಿನಾ ಸಂಜೆ ಮೊಬೈಲಿನಲ್ಲಿ ಆ ಪುಟ ನೋಡಿ ಫೋನು ಮಾಡಬೇಕು, ವರದಾ ಮಾಳಿಗೆಯ ಮೂಲೆಯಲ್ಲಿ ಕಾದು ನಿಂತಿರಬೇಕು. ಭಾದ್ರಪದ ಹೀಗೇ ಸಾಗಿತು. ಒಮ್ಮೆ ಸೀರೆ ಏರಿತು, ನೀರು ಬಂತು, ನಡುಗಡ್ಡೆಯ ಅಂಚನ್ನಷ್ಟೇ ತೋಯಿಸಿ ಇಳಿಯಿತು. ಎಲ್ಲರಿಗೂ ಎಲ್ಲವೂ ಸರಿಯಾಗಿದೆ ಅನ್ನಿಸಿತು. ವರದಾಳಿಗೆ ಅನ್ನಿಸಲಿಲ್ಲ. ಹಗ್ಗದ ಒಂದೇ ಎಳೆ ಉಳಿದಿದೆ, ಅದರ ಮೇಲೆ ಇಡೀ ನಡುಗಡ್ಡೆ ಜೋತಿದೆ ಎಂಬ ದಿಗಿಲು ಅವಳನ್ನು ಬಿಡಲೇ ಇಲ್ಲ.

ಪಿತೃಪಕ್ಷ ಬಂತು. ತಂದೆಯ ಪಕ್ಷದ ಶ್ರಾದ್ಧಕ್ಕೆಂದು ಸಂಕರ್ಷಣ ಹಿಂದಿನ ದಿನವೇ ಊರಿಗೆ ಬಂದ. ಅವನು ಚಪ್ಪಲಿ ಬಿಡುವ ಮೊದಲೇ ವರದಾ ಕೇಳಿದಳು.

"ಹೊಳೀದು ನೋಡೀರೇನು?"

"ನಿನ್ನೆ ನೋಡಿದ್ದೆ, ಏನೂ ಇದ್ದಿದ್ದಿಲ್ಲ. ಇವತ್ತ ಸಾಲಿ ಬಿಟ್ಟಕೂಡ್ಲೆ ಬಸ್ ಸಿಕ್ಕಿತು, ಹತ್ತಿಬಿಟ್ಟೆ." ಅವಳ ಮುಖ ನೋಡಿ ನಕ್ಕ. "ಒಂದು ದಿನದಾಗ ಹೊಳಿ ಎಲ್ಲಿ ಓಡಿ ಹೋಗ್ತದ?"

ಪುಟ ನೋಡಿ ಹೇಳಲೆಂದು ಅವನ ಸಿಂದಗಿಯ ಗೆಳೆಯನೊಬ್ಬನಿಗೆ ಮಾಳಿಗೆಯಿಂದ ಫೋನು ಮಾಡಿಸಿದಳು. ಅವನು ಎತ್ತಲಿಲ್ಲ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬೆಳ್ಳಿಹಾಳಕ್ಕೆ ಬರುವ ನೀರು ಬೆಳ್ಳಿಹಾಳದ ಆಕಾಶದಿಂದ ಬರುವುದಲ್ಲವಲ್ಲ. ಗೊತ್ತಿಲ್ಲದಿದ್ದರೆ ಏರಿಸುವುದೇ ಒಳ್ಳೆಯದೆಂದು ವರದಾ ಕತ್ತಲಾಗುವ ಮೊದಲೇ ಸೀರೆಯನ್ನು ಗಳಕ್ಕೆ ಕಟ್ಟಿದಳು. ಒಂದು ದಿನದ ಕೆಲಸ ಕೆಟ್ಟರೆ ಗುರವ್ವ ಬೈಯಲಿ, ಬೈಸಿಕೊಂಡರಾಯಿತು.

ಮರುದಿನ ಬೆಳಗಾಗುತ್ತಲೇ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು ಒಲೆಯ ಮುಂದೆ ಕೂತವಳಿಗೆ ಲೋಕದ ಅರಿವಿರಲಿಲ್ಲ. ವಡೆ, ಪಾಯಸ, ಎಳ್ಳಿನ ಚಟ್ನಿ ಎಲ್ಲ ಅವಳ ಒಬ್ಬಳ ಕೈಯಲ್ಲೇ ಆಗಬೇಕಿತ್ತು. ಹೊಳೆದಂಡೆಯ ಡೀಸೆಲ್ ಪಂಪುಗಳ ಟಕಟಕ ದೂರದಿಂದ ಕೇಳುತ್ತಿತ್ತು. ಸೀರೆ ಏರಿದರೆ ಪಂಪುಗಳನ್ನು ದಂಡೆಯ ಮೇಲಕ್ಕೆ ಎತ್ತಿಡುವುದು ರೂಢಿ; ಇವತ್ತು ಮತ್ತೆ ನೀರಿನ ಹತ್ತಿರ ಇಳಿಸಿದವರು ಯಾರು ಎಂದು ಅವಳಿಗೆ ಹೊಳೆಯಲಿಲ್ಲ. ದಿನಾ ಕೇಳುವ ಸದ್ದು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ.

ಆಮೇಲೆ ಅದು ನಿಲ್ಲತೊಡಗಿತು. ಮೊದಲು ಒಂದು ಪಂಪು, ಸ್ವಲ್ಪ ಹೊತ್ತಿಗೆ ಇನ್ನೊಂದು, ಅದರ ಹಿಂದೆಯೇ ಮತ್ತೊಂದು. ವರದಾಳ ಕೈ ಎಣ್ಣೆಯ ಬಾಣಲೆಯ ಮೇಲೆ ಹಾಗೇ ನಿಂತಿತು. ಪಂಪುಗಳು ಹಾಗೆ ಒಂದರ ಹಿಂದೊಂದು ನಿಲ್ಲುವುದು ನೀರು ಅವುಗಳ ಬುಡಕ್ಕೆ ಬಂದಾಗ.

"ಅತ್ಯಾ! ಮಾಳಗಿ ಮ್ಯಾಲ ಸೀರಿ ಅದನೋ ಇಲ್ಲೋ?"

ಬಾಳೆಎಲೆ ಒರೆಸುತ್ತಿದ್ದ ಅತ್ತೆ ಇಂದೂಬಾಯಿ ತಲೆಯೆತ್ತಿದರು. ಮಡಿಯ ವಿಷಯದಲ್ಲಿ ಊರಿಗೇ ಹೆಸರಾದ ಮುದುಕಿ.

"ಮುಂಜಾನೆ ಮಡಿ ಅರಿವಿ ಒಣಾ ಹಾಕಲಿಕ್ಕೆ ಹೋದ್ರ ಅದು ಗಾಳಿಗೆ ಹಾರಿ ಹಾರಿ ಪಂಚೆಕ್ಕ ತಾಗಲಿಕ್ಕೆ ಹತ್ತಿತ್ತು. ಕೋಲಿಂದ ಕೆಳಗ ಇಳಿಸಿದೆ. ಅರಿವಿ ಒಣಗಿದ ಮ್ಯಾಲ ನಿನಗ ಏರಿಸು ಅನಬೇಕಂದ್ರ ನೀನೂ ಮಡಿಯೊಳಗ, ನಾನೂ ಮಡಿಯೊಳಗ. ಯಾರು ಮುಟ್ಟಬೇಕದನ್ನ?" ಎಂದವರು, ಸೊಸೆಯ ಮುಖ ನೋಡಿ ದನಿ ಇಳಿಸಿದರು. "ನೀರು ಬರ್ತದ ಅಂತ ಯಾರರ ಹೇಳಿದ್ರೇನು? ಯಾರೂ ಹೇಳಿದ್ದಿಲ್ಲಲ್ಲಾ..."

ಯಾರೂ ಹೇಳಿರಲಿಲ್ಲ. ಹೇಳುವ ತಂತಿಯನ್ನೇ ಕಿತ್ತುಹಾಕಿದ್ದರು.

"ಗುರವ್ವ ಹಾಲು ತರಲಿಲ್ಲೇನು?"

"ತಂದಿದ್ಲು. ಮಗನ ಕೂಡ ಕುಡುಗೋಲು ಹಿಡ್ಕೊಂಡು ಹೊಂಟಿದ್ಲು. ಸೀರಿ ಇಳಿಸಿ ಛಲೋ ಮಾಡಿದ್ರಿ, ಉದ್ದಿನ ಕಾಯಿ ಒಣಗಿ ಸಿಡ್ಯಾಕತ್ತಾವು ಅಂತ..." ಇಂದೂಬಾಯಿಯವರ ಕೈಯಲ್ಲಿದ್ದ ಎಲೆ ಜಾರಿ ಬಿತ್ತು.

ವರದಾ ಮೆಟ್ಟಿಲು ಹತ್ತಿದ್ದು ಹೇಗೋ ಅವಳಿಗೇ ತಿಳಿಯದು. ಸೀರೆ ಮಾಳಿಗೆಯ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಎರಡೂ ಕೈಯಲ್ಲಿ ಬಾಚಿಕೊಂಡಳು. ಮಡಿ ಹೋಯಿತು, ಅಡಿಗೆ ಹೋಯಿತು, ಮಾವನ ಪಕ್ಷವೇ ಕೆಟ್ಟಿತು. ಕೆಡಲಿ. ಗಳಕ್ಕೆ ಕಟ್ಟುವಾಗ ಗಂಟು ಎರಡು ಸಲ ಬಿಚ್ಚಿಕೊಂಡಿತು. ಕೆಳಗೆ ಸಂಕರ್ಷಣ ಉಟ್ಟ ಮಡಿಪಂಚೆಯಲ್ಲೇ ಹಗ್ಗ, ಹಗ್ಗ ಎಂದು ಕೂಗುತ್ತ ದಂಡೆಯ ಕಡೆ ಓಡುತ್ತಿದ್ದ.

ಸೀರೆ ಏರಿತು. ಆಗ ಅವಳು ಹೊಳೆಯ ಕಡೆ ನೋಡಿದಳು.

ಮೊಣಕಾಲುದ್ದದ ನೀರಿದ್ದ ಜಾಗದಲ್ಲಿ ಕೆಂಪುಮಣ್ಣಿನ ಬಣ್ಣದ ಹೊಳೆ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಒಂದು ಜಾಲಿಯ ಮರ ಬೇರುಸಹಿತ ತಿರುಗುತ್ತ ಹೋಯಿತು. ಉದ್ದಿನ ಹೊಲ ಅರ್ಧ ಉಳಿದಿತ್ತು. ಉಳಿದ ಅರ್ಧದಲ್ಲಿ ಸಂಗಮೇಶ ಅತ್ತ ಇತ್ತ ಓಡಿ ದಾಟುವ ಜಾಗ ಹುಡುಕುತ್ತಿದ್ದ. ಗುರವ್ವ ಓಡುತ್ತಿರಲಿಲ್ಲ. ಕೊಯ್ದ ಉದ್ದಿನ ಹೊರೆಯನ್ನು ಇನ್ನೂ ತಲೆಯ ಮೇಲೆ ಹೊತ್ತುಕೊಂಡೇ ನಿಂತಿದ್ದಳು. ಅವಳು ನೀರನ್ನು ನೋಡುತ್ತಿರಲಿಲ್ಲ, ಈಗಷ್ಟೇ ಏರಿದ ಸೀರೆಯನ್ನು ನೋಡುತ್ತಿದ್ದಳು.