ರೂತಾ ಯಾಕೆ ತಿರುಗಿ ನೋಡಲಿಲ್ಲ

ತರಾವಾ ದ್ವೀಪದ ಒಳಗಡಲಿನ ದಡದಲ್ಲಿರುವ ನಮ್ಮ ಶಾಲೆಗೆ ಆ ವರ್ಷವೂ ಕೆಟ್ಟ ಫಲಿತಾಂಶ ಬಂತು. ಆರನೇ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು ಓದುವುದರಲ್ಲೇ ಸೋತಿದ್ದರು. ಸಭೆಮನೆಯಲ್ಲಿ ಹಿರಿಯರು ಮೇಷ್ಟ್ರುಗಳನ್ನು ಬೈದರು. ಮೇಷ್ಟ್ರುಗಳು ತಾಯ್ತಂದೆಯರನ್ನು ಬೈದರು. ಕೊನೆಗೆ ಎಲ್ಲರೂ ಸೇರಿ ಮಕ್ಕಳನ್ನು ಬೈದರು.

ಮುಖ್ಯೋಪಾಧ್ಯಾಯನಾಗಲು ತರಬೇತಿಗೆ ಬಂದಿದ್ದ ತೆಕೋವಾ ಹುರುಪಿನ ಮನುಷ್ಯ. ಶಾಲೆಯನ್ನು ಮೇಲೆತ್ತಲೇಬೇಕೆಂದು ಹಟ ತೊಟ್ಟ. ಸಂಜೆ ಹೆಚ್ಚಿನ ಪಾಠ ಶುರುವಾಯಿತು. ಚೆನ್ನಾಗಿ ಓದುವವರು ಮುಂದೆ, ಓದದವರು ಹಿಂದೆ ಕೂರಬೇಕಾಯಿತು. ಕೇಳಿದ್ದಕ್ಕೆ ಉತ್ತರ ಕೊಡದವರು ನಿಂತೇ ಇರಬೇಕು.

ರೂತಾ ದಿನವೂ ನಿಂತೇ ಇರುತ್ತಿದ್ದಳು. ಹತ್ತು ವರ್ಷದ ತೆಳ್ಳನೆಯ ಹುಡುಗಿ. ಅಮ್ಮ ಇರಲಿಲ್ಲ, ಅಪ್ಪ ಮೀನು ಹಡಗಿನಲ್ಲಿ ದೂರದ ಸಮುದ್ರದಲ್ಲಿದ್ದ. ಅಜ್ಜಿ ಉನೈಬಾಳೇ ಸಾಕುತ್ತಿದ್ದಳು. ಮೇಷ್ಟ್ರು ಏನೇ ಕೇಳಲಿ, ರೂತಾ ಸುಮ್ಮನೆ ಅವರ ಬಾಯಿ ನೋಡುತ್ತಿದ್ದಳು. ಮಕ್ಕಳು ಅವಳನ್ನು "ಕಲ್ಲು" ಎಂದು ಕರೆಯುತ್ತಿದ್ದರು.

ಒಂದು ದಿನ ಶಾಲೆ ಬಿಟ್ಟಾಗ ತೆಕೋವಾ ಹಿಂದಿನಿಂದ ಅವಳನ್ನು ಕೂಗಿದ. ರೂತಾ ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದ. ನಡೆಯುತ್ತಲೇ ಹೋದಳು. ಅವನು ಓಡಿ ಹೋಗಿ ಅಡ್ಡ ನಿಂತ.

"ಏನೇ ಇಷ್ಟು ಕೊಬ್ಬು? ನಾಳೆ ಅಜ್ಜೀನ ಕರ್ಕೊಂಡು ಬಾ. ಇಲ್ದಿದ್ರೆ ಶಾಲೆಗೆ ಬರ್ಲೇಬೇಡ!"

ಅವಳಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರವೋ ಏನೋ, ಮಾರನೆಯ ದಿನದಿಂದ ಶಾಲೆಗೇ ಬರಲಿಲ್ಲ.

ವಾರ ಕಳೆದ ಮೇಲೆ ತೆಕೋವಾನಿಗೆ ಅಳುಕು ಶುರುವಾಯಿತು. ಅವರ ಮನೆಗೆ ಹೋದ. ಉನೈಬಾ ಅಟ್ಟಣೆಯ ಮೇಲೆ ಕೇದಿಗೆ ಗರಿಯ ಚಾಪೆ ಹೆಣೆಯುತ್ತಿದ್ದಳು.

"ಬನ್ನಿ ಮೇಷ್ಟ್ರೇ. ಇನ್ನೂ ಹೆಡ್ಮಾಸ್ಟರೇ ಆಗಿಲ್ಲ, ಆಗ್ಲೇ ಮಕ್ಕಳನ್ನ ಓಡ್ಸೋಕೆ ಶುರು ಮಾಡ್ಬಿಟ್ರಾ?"

"ಹಾಗಲ್ಲ ಅಜ್ಜಿ. ಕರೆದ್ರೆ ತಿರುಗೂ ನೋಡಲ್ಲ ಅವ್ಳು."

"ಮನೇಲೂ ಅಷ್ಟೇ, ಮೊಂಡಿ. ಅವಳಪ್ಪನ ಹಾಗೇ."

ರೂತಾ ಮೂಲೆಯಲ್ಲಿ ಮಲಗಿದ್ದಳು. ತೆಕೋವಾ ಹತ್ತಿರ ಕೂತ. ಕೆಟ್ಟ ವಾಸನೆ ಬಂತು. ಅವಳ ಕಿವಿಯಿಂದ ಕೀವು ಇಳಿದು ದಿಂಬಿನ ಮೇಲೆ ಒಣಗಿತ್ತು.

"ಅಜ್ಜಿ, ಇದೇನಿದು?"

"ಕಿವಿ ಸೋರ್ತಾ ಇದೆ ಅಷ್ಟೇ. ನಮ್ಮೂರಲ್ಲಿ ಯಾವ ಮಗೂಗೆ ಸೋರಲ್ಲ ಹೇಳಿ? ತೆಂಗಿನೆಣ್ಣೆ ಬಿಡ್ತಾ ಇದ್ದೀನಿ. ದೊಡ್ಡವಳಾದ್ರೆ ತಾನೇ ನಿಲ್ಲತ್ತೆ."

ತೆಕೋವಾ ಎದ್ದು ಹೋಗಿ ಆರೋಗ್ಯ ಕೇಂದ್ರದ ನರ್ಸ್ ಮರೇವಾಳನ್ನು ಕರೆತಂದ. ಆಕೆ ಸಣ್ಣ ದೀಪ ಹಿಡಿದು ಎರಡೂ ಕಿವಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಸಪ್ಪಗಾಯಿತು.

"ಎಷ್ಟು ದಿನದಿಂದ ಹೀಗಿದೆ ಅಜ್ಜಿ?"

"ದಿನ ಏನು ಬಂತು, ನಡೆಯೋಕೆ ಕಲ್ತಾಗಿಂದಾನೂ ಇದೆ."

"ಒಳಗೆ ಕಿವಿ ತಮಟೆ ತೂತಾಗಿದೆ. ಅಜ್ಜಿ, ನೀವು ನೀರಲ್ಲಿ ಮುಳುಗಿದಾಗ ದಡದಲ್ಲಿರೋರು ಕೂಗಿದ್ರೆ ಹೇಗೆ ಕೇಳ್ಸುತ್ತೆ? ಇವಳಿಗೆ ಆಗಿನಿಂದ ಹೆಚ್ಚುಕಮ್ಮಿ ಹಾಗೇ ಕೇಳ್ತಿರೋದು."

ಉನೈಬಾಳ ಕೈ ಚಾಪೆಯ ಮೇಲೆ ನಿಂತಿತು. "ಸುಳ್ಳು. ಕಿವುಡಿ ಆಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

ಮರೇವಾ ರೂತಾಳ ಬೆನ್ನ ಹಿಂದೆ ನಿಂತು, "ರೂತಾ, ನಿಮ್ಮಪ್ಪ ಬಂದಿದ್ದಾನೆ ನೋಡು" ಎಂದಳು.

ಹುಡುಗಿ ಅಲುಗಲಿಲ್ಲ. ಅಜ್ಜಿ ಬಾಯಿಗೆ ಅಂಗೈ ಒತ್ತಿಕೊಂಡು ಅತ್ತಳು. ತೆಕೋವಾ ಹೊರಗೆ ಹೋಗಿ ನಿಂತ. ತಾನು ನಿಲ್ಲಿಸಿ ನಿಲ್ಲಿಸಿ ಶಿಕ್ಷಿಸಿದ್ದು ಎಂಥ ಮಗುವನ್ನು ಎಂದು ಅವನಿಗೆ ಈಗ ತಿಳಿಯಿತು.

ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು: ಬಲಗಿವಿ ಹೋಗಿದೆ, ಎಡಗಿವಿಯನ್ನು ಉಳಿಸಬಹುದು. ಮನೆಗೆ ಬಂದ ಉನೈಬಾ ಎಣ್ಣೆಯ ಬಾಟಲಿಯನ್ನು ಹೊರಗೆಸೆದಳು. ಮಾರನೆಯ ಬೆಳಿಗ್ಗೆಯೇ ಪಕ್ಕದ ಮನೆಗೆ ಹೋಗಿ, "ನಿನ್ನ ಪಾಪು ಕಿವೀನೂ ಸೋರ್ತಿದೆಯಲ್ಲ, ಏಳು, ಕೇಂದ್ರಕ್ಕೆ ಹೋಗೋಣ. ನನ್ನ ಹಾಗೆ ಕೂರ್ಬೇಡ" ಎಂದು ಆ ತಾಯಿಯನ್ನು ಎಬ್ಬಿಸಿಕೊಂಡು ಹೋದಳು.

ತೆಕೋವಾ ಶಾಲೆಯ ಮಕ್ಕಳೆಲ್ಲರ ಕಿವಿ ಪರೀಕ್ಷೆ ಮಾಡಿಸಿದ. ಸೋರುವ ಕಿವಿಯ ಮಕ್ಕಳು ಹೆಚ್ಚಾಗಿ ಸಿಕ್ಕಿದ್ದು ಹಿಂದಿನ ಸಾಲಿನಲ್ಲೇ, ಅವನೇ ಕೂರಿಸಿದ್ದ ಸಾಲಿನಲ್ಲಿ. ಅವರನ್ನೆಲ್ಲ ಮುಂದೆ ತಂದ. ಬೋರ್ಡಿನ ಕಡೆ ತಿರುಗಿ ಪಾಠ ಹೇಳಬೇಡಿ, ಮಕ್ಕಳಿಗೆ ಮುಖ ತೋರಿಸಿ ಮಾತಾಡಿ ಎಂದು ಮೇಷ್ಟ್ರುಗಳಿಗೆ ಹೇಳಿದ. ನಿಲ್ಲಿಸುವ ಶಿಕ್ಷೆ ಅಂದಿಗೆ ನಿಂತಿತು.

ಮುಂದಿನ ವರ್ಷ ಫಲಿತಾಂಶ ಸ್ವಲ್ಪ ಮೇಲೇರಿತು. ಎಡಗಿವಿ ಉಳಿದಿದ್ದರೂ ರೂತಾ ಮಾತ್ರ ತೇರ್ಗಡೆಯಾಗಲಿಲ್ಲ. ಕೇಳದೆ ಕಳೆದುಹೋದ ಪಾಠಗಳು ಔಷಧಿಯಿಂದ ವಾಪಸು ಬರುವುದಿಲ್ಲ. ತನಗಿಂತ ಚಿಕ್ಕವರ ಜೊತೆ ಮೊದಲ ಸಾಲಿನಲ್ಲಿ ಕೂತು ಅವಳು ಈಗ ಅಕ್ಷರ ಕೂಡಿಸಿ ಓದುತ್ತಿದ್ದಾಳೆ.

ತಾಯಂದಿರೇ, ಅಜ್ಜಿಯರೇ, ಮೇಷ್ಟ್ರುಗಳೇ, ಕಿವಿ ಸೋರುವುದು ಮಾಮೂಲಲ್ಲ. ಎಣ್ಣೆ, ಸೊಪ್ಪಿನ ರಸ ಏನನ್ನೂ ಬಿಡಬೇಡಿ. ಸೋರುವ ಕಿವಿಗೆ ನೀರು ಸೇರದಂತೆ ನೋಡಿಕೊಳ್ಳಿ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮಗು ದಡ್ಡ, ಮೊಂಡ ಎನ್ನುವ ಮೊದಲು ಅದಕ್ಕೆ ಕೇಳಿಸುತ್ತಿದೆಯೇ ಎಂದು ನೋಡಿ. ರೂತಾಳ ಬಲಗಿವಿಯ ಮಟ್ಟಿಗೆ ನಾವು ತಡಮಾಡಿದೆವು. ನಿಮ್ಮ ಮಗುವಿಗೆ ಇನ್ನೂ ಹೊತ್ತಿದೆ. ಇವತ್ತೇ ನೋಡಿ.