ಬಜಾರ್ದಿಮ್ ಅನ್ನುವ ತನಕ

ಗುಂಡಿಯ ಅಂಚಿನ ಮೇಲೆ ಬೆಳ್ಳಗೆ ಏನೋ ಅಲುಗಿತು, ಅರಳೆಯೇ ಇರಬೇಕು, ಈ ಹತ್ತಿ ಮಿಲ್ಲಿನಲ್ಲಿ ಅರಳೆ ಕೂರದ ಜಾಗವೆಲ್ಲಿ, ಜಂಬಣ್ಣನ ಹುಬ್ಬಿನ ಮೇಲೂ ಕೂತಿದೆ, ಅವನು ಹಿಡಿದು ನಿಂತ ಸ್ವಿಚ್ಚಿನ ಹಿಡಿಕೆಯ ಮೇಲೂ — ಯಂತ್ರದ ಕೆಳಗೆ ಗುಂಡಿಯಲ್ಲಿ ಯಂಕೋಬ ಸಿಕ್ಕಿಬಿದ್ದ ಹತ್ತಿಕಾಳು ಬಳಿಯುತ್ತಿದ್ದಾನೆ, ಅವನು ಮುಗಿಸುವ ಮೊದಲೇ ಹಿಡಿಕೆ ಎತ್ತಿದರೆ ಹಲ್ಲುಗಾಲಿಗೆ ಹತ್ತಿಯೂ ಒಂದೇ ಮನುಷ್ಯನೂ ಒಂದೇ. ಆತು, ಅಂತ ಯಾರೋ ಕೂಗಿದರು, ಹತ್ತಿ ಅಂಡಿಗೆ ಹೊಲಿಯುವವರೋ ಏನೋ, ಇಲ್ಲಿ ದಿನವೆಲ್ಲ ಎಲ್ಲರೂ ಆತು ಅನ್ನುವವರೇ, ಅದಕ್ಕೇ ಅಲ್ಲವೇ ಫಿಟ್ಟರ್ ಸತ್ತಾರ್ ಸಾಬ್ ತಾಷ್ಕೆಂಟಿಗೆ ಟ್ರೇನಿಂಗಿಗೆ ಹೋಗಿ ಅಲ್ಲಿಯ ಉಜ್ಬೆಕ್ ಮಾತನ್ನು ರಾಯಚೂರಿನ ತನಕ ಹೊತ್ತು ತಂದದ್ದು. ನೋಡು ಜಂಬಣ್ಣ, ಕಿಲಾಮನ್ ಅಂದ್ರ ಮಾಡ್ತೀನಿ, ಕಿಲ್ಯಾಪ್ಮನ್ ಅಂದ್ರ ಮಾಡಾಕತ್ತೀನಿ, ಬಜಾರ್ದಿಮ್ ಅಂದ್ರ ಮಾಡಿ ಮುಗಿಸೀನಿ, ನಮ್ಮಿಬ್ಬರನ್ನ ಬಿಟ್ರ ಯಾರ ಬಾಯಾಗೂ ಇದು ಬರಂಗಿಲ್ಲ, ನಾ ಗುಂಡಿಗಿಳಿದಾಗ ಬಜಾರ್ದಿಮ್ ಅನ್ನೋತನಕ ಸ್ವಿಚ್ ಮುಟ್ಟಬ್ಯಾಡ, ಅಂದಿದ್ದ. ಜಂಬಣ್ಣ ಬಿದ್ದು ಬಿದ್ದು ನಕ್ಕಿದ್ದ, ಆದರೂ ತಪ್ಪಿರಲಿಲ್ಲ, ಒಳಗಿಂದ ಬಜಾರ್ದಿಮ್ ಕೇಳಬೇಕು, ಅಂಚಿನ ಮೇಲೆ ಅರಳೆ ಮೆತ್ತಿದ ಸತ್ತಾರನ ಬೆಳ್ಳನೆಯ ಕೈ ಬಂದು ಕೂರಬೇಕು, ಅದನ್ನು ಹಿಡಿದು ಮೇಲೆಳೆದ ಮೇಲೆಯೇ ಸ್ವಿಚ್ಚು. ಹೋದ ವರ್ಷ ಜಂಬಣ್ಣ ಮಾನ್ವಿಗೆ ಬೀಗರ ಮನೆಗೆ ಹೋದ ದಿನ, ಸತ್ತಾರ್ ಇನ್ನೂ ಗುಂಡಿಯೊಳಗಿದ್ದಾಗಲೇ, ಯಾರೋ ಆತು ಅಂದರಂತೆ, ಅವನ ಬದಲಿಗೆ ನಿಂತವನು ಹಿಡಿಕೆ ಎತ್ತಿದನಂತೆ — ಸತ್ತಾರನ ಹೆಂಡತಿ ಶಹಜಾದಿ ಬೇಗಂ ಅಳಲೂ ಇಲ್ಲ, ಕೇಳಿದ್ದು ಒಂದೇ, ಅವ್ರು ಮುಗಿಸೀನಿ ಅಂದಿದ್ರೇನು ಜಂಬಣ್ಣ?

ಲೇ ಜಂಬ್ಯಾ, ನಿದ್ದಿ ಹತ್ತ್ಯಾದೇನು, ಆತು ಅಂದಿದ್ದು ಕೇಳಲಿಲ್ಲೇನು, ಸ್ವಿಚ್ ಹಾಕಲೇ — ಮೇಸ್ತ್ರಿ ಸೂಗಪ್ಪ ಒದರುತ್ತಾನೆ, ಹೊರಗೆ ದೇವದುರ್ಗದ ಹತ್ತಿ ಬಂಡಿಗಳು ಸಾಲುಗಟ್ಟಿವೆ, ಜಂಬಣ್ಣ ಹಿಡಿಕೆ ಅರ್ಧ ಎತ್ತಿದ — ಕಿಲ್ಯಾಪ್ಮನ್. ಗುಂಡಿಯೊಳಗಿಂದ, ತಣ್ಣಗೆ. ಮಾಡಾಕತ್ತೀನಿ ಅನ್ನುವ ಈ ಮಾತನ್ನು ಯಂಕೋಬನಿಗೆ ಯಾರು ಕಲಿಸಿದರು, ಯಾರೂ ಇಲ್ಲ, ಅವನು ಮೊನ್ನೆ ಮೊನ್ನೆ ಗಬ್ಬೂರಿನಿಂದ ಕೆಲಸಕ್ಕೆ ಬಂದವನು, ಜಂಬಣ್ಣ ಈ ಮಾತನ್ನು ಹೆಂಡತಿಗೂ ಹೇಳಿಲ್ಲ, ಹಿಡಿಕೆ ಇಳಿಯಿತು. ಆಮೇಲೆ ಯಂಕೋಬ ಎರಡೂ ಕೈ ಊರಿ ಮೇಲೆ ಬಂದ, ಈಗ ಮುಗೀತು ನೋಡಣ್ಣ, ಆಗಳೇ ಆತು ಅಂದಾಂವ ಯಾರು, ಎನ್ನುತ್ತಾ ಪಕ್ಕದಲ್ಲೇ ನಿಂತು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಾನೆ, ಎರಡೂ ಕೈ, ಬದುಕಿದ್ದಾನೆ, ದೇವರೇ, ಬದುಕಿದ್ದಾನೆ. ಗುಂಡಿ ಖಾಲಿ. ಈಗರ ಹಾಕಲೇ, ಸೂಗಪ್ಪ ಮತ್ತೆ ಒದರುತ್ತಾನೆ. ಹಾಕಬೇಕು, ಹಾಕಿದರೆ — ಅವ್ರು ಮುಗಿಸೀನಿ ಅಂದಿದ್ರೇನು ಜಂಬಣ್ಣ — ಅಂದಿಲ್ಲವ್ವಾ, ಇನ್ನೂ ಅಂದಿಲ್ಲ, ಹಿಡಿಕೆಯ ಮೇಲೆ ಜಂಬಣ್ಣನ ಕೈ, ಟವೆಲಿನಲ್ಲಿ ಯಂಕೋಬನ ಕೈ, ಗುಂಡಿಯ ಅಂಚಿನ ಮೇಲೆ ಆ ಬೆಳ್ಳನೆಯ ಕೈ.